ಮೂರನೇ ಎಡ್ವರ್ಡನ ವಂಶ: ಪದೇ ಪದೇ ಕೇಳೋ ಪ್ರಶ್ನೆಗಳು

ಇಂಗ್ಲೆಂಡ್ ರಾಜರ ಸೀರೀಸು ಯಾವ್ದಾದ್ರೂ ನೋಡಿ ಮುಗಿಸಿದವ್ರಿಗೆಲ್ಲಾ ಒಂದೇ ತಲೆನೋವು, ಯಾರು ಯಾರ ಮಗ, ಒಂದೇ ಮನೇಲಿ ಎಷ್ಟು ಜನ ಎಡ್ವರ್ಡು, ಎಷ್ಟು ಜನ ಹೆನ್ರಿ, ಯಾರಿಗೆ ಯಾರ ಮೇಲೆ ಯಾಕೆ ಸಿಟ್ಟು. ನಂಗೂ ಹಾಗೇ ಆಗಿತ್ತು. ಕೊನೆಗೆ ಹಳೇ ಕ್ಯಾಲೆಂಡರ್ ಹಾಳೆ ನಾಲ್ಕು ಅಂಟಿಸಿ ಹಿಂದುಗಡೆ ವಂಶವೃಕ್ಷ ಬರ್ಕೊಂಡೆ, ಗಂಡುಮಕ್ಕಳಿಂದ ಇಳಿಯೋ ಗೆರೆಗೆ ನೀಲಿ ಪೆನ್ನು, ಹೆಣ್ಣುಮಕ್ಕಳಿಂದ ಇಳಿಯೋ ಗೆರೆಗೆ ಕೆಂಪು ಪೆನ್ನು. ಬರೆದು ಗೋಡೆಗೆ ಅಂಟಿಸಿ ದೂರ ನಿಂತು ನೋಡಿದ್ರೆ ಒಂದು ವಿಷ್ಯ ಕಣ್ಣಿಗೆ ಹೊಡೀತು: ಜಗಳ ಶುರುವಾದ ಕಡೆಯೆಲ್ಲಾ ಒಂದು ಕೆಂಪು ಗೆರೆ ಇದೆ. ಆಮೇಲೆ ಫ್ರೆಂಡ್ಸು, ನೆಂಟ್ರು, ವಾಟ್ಸಾಪ್ ಗ್ರೂಪಿನವ್ರು ಕೇಳಿದ ಪ್ರಶ್ನೆಗಳನ್ನೇ ಕೆಳಗೆ ಹಾಕಿದೀನಿ.

ಇಷ್ಟೊಂದು ರಾಜರಿದ್ದಾರೆ, ಇವನನ್ನೇ ಯಾಕೆ ಹಿಡ್ಕೊಂಡ್ರಿ?

ಯಾಕಂದ್ರೆ ಇವನ ಹಿಂದಿನದ್ದೆಲ್ಲಾ ಬಂದು ಇವನಲ್ಲಿ ಸೇರುತ್ತೆ, ಮುಂದಿನದ್ದೆಲ್ಲಾ ಇವನಿಂದಲೇ ಕವಲೊಡೆಯುತ್ತೆ. 1312ರಲ್ಲಿ ವಿಂಡ್ಸರ್ ಅರಮನೇಲಿ ಹುಟ್ಟಿದ, 1327ರಲ್ಲಿ 14ನೇ ವಯಸ್ಸಿಗೇ ಪಟ್ಟ, 1377ರಲ್ಲಿ ಸತ್ತ, ಅಂದ್ರೆ ಬರೋಬ್ಬರಿ 50 ವರ್ಷ ರಾಜ. ಅವನಾದ ಮೇಲೆ ನೂರು ವರ್ಷ ಸಿಂಹಾಸನಕ್ಕೆ ಕಚ್ಚಾಡಿದವ್ರು ಎಲ್ರೂ ಅವನ ಮೊಮ್ಮಕ್ಕಳು, ಮರಿಮಕ್ಕಳು, ಅವರ ಮಕ್ಕಳು. ಅಪ್ಪಟ ದಾಯಾದಿ ಜಗಳ. ಇಂಗ್ಲಿಷಲ್ಲಿ ಎಲ್ರನ್ನೂ ಕಸಿನ್ ಅಂತ ಒಂದೇ ಪದದಲ್ಲಿ ಮುಗಿಸಿಬಿಡ್ತಾರೆ, ಅದಕ್ಕೇ ಓದೋವಾಗ ಗೋಜಲಾಗೋದು. ದೊಡ್ಡಪ್ಪನ ಮಗ, ಸೋದರಮಾವ, ಅತ್ತೆ ಅಂತ ನಮ್ಮ ಲೆಕ್ಕದಲ್ಲಿ ಹಾಕ್ಕೊಂಡ್ರೆ ಅರ್ಧ ಗೊಂದಲ ಅಲ್ಲೇ ಕರಗುತ್ತೆ.

ಮೂರನೇ ಎಡ್ವರ್ಡ್ ಅಂದ್ರೆ ಮೊದಲಿನ ಇಬ್ರು ಯಾರು?

ತಾತ ಒಂದನೇ ಎಡ್ವರ್ಡ್, ಅಪ್ಪ ಎರಡನೇ ಎಡ್ವರ್ಡ್. ಸಾಲಾಗಿ ಮೂರು ತಲೆಮಾರು ಅದೇ ಹೆಸರು. 1066ಕ್ಕೂ ಮುಂಚೆ ಎಡ್ವರ್ಡ್ ಅನ್ನೋ ರಾಜರು ಇದ್ರು, ಆದ್ರೆ ವಿಲಿಯಂ ನಾರ್ಮಂಡಿಯಿಂದ ಬಂದು ಗೆದ್ದ ಮೇಲೆ ನಂಬರ್ ಹೊಸದಾಗಿ ಶುರು, ಹಳಬರು ಲೆಕ್ಕಕ್ಕಿಲ್ಲ.

ವಿಲಿಯಂನಿಂದ ಇಳಿಯೋಣ ಅಂದ್ರೆ ಹೀಗೆ: ವಿಲಿಯಂ, ಅವನ ಮಗ ಒಂದನೇ ಹೆನ್ರಿ, ಅವನ ಮಗಳು ಮಟಿಲ್ಡಾ, ಅವಳ ಮಗ ಎರಡನೇ ಹೆನ್ರಿ, ಅವನ ಮಗ ಜಾನ್, ಅವನ ಮಗ ಮೂರನೇ ಹೆನ್ರಿ, ಆಮೇಲೆ ಮೂರು ಎಡ್ವರ್ಡು. ಒಂಬತ್ತು ತಲೆ, ಮಧ್ಯದಲ್ಲಿ ಒಂದೇ ಒಂದು ಕೆಂಪು ಗೆರೆ. ಆ ಒಂದು ಗೆರೆಗೇ ಸುಮಾರು ಇಪ್ಪತ್ತು ವರ್ಷ ದೇಶ ಹೊತ್ತಿ ಉರೀತು. 1120ರಲ್ಲಿ ಒಂದನೇ ಹೆನ್ರಿಯ ಒಬ್ಬನೇ ಸಕ್ರಮ ಮಗ ವೈಟ್ ಶಿಪ್ ಅನ್ನೋ ಹಡಗು ಮುಳುಗಿ ಸತ್ತ, ಉಳಿದಿದ್ದು ಮಗಳು, ಅಪ್ಪ ದೊರೆಗಳನ್ನೆಲ್ಲಾ ಕರೆಸಿ ಇವಳೇ ನನ್ನ ವಾರಸುದಾರಳು ಅಂತ ಆಣೆ ಮಾಡಿಸಿದ, ಅಪ್ಪ ಕಣ್ಮುಚ್ಚಿದ ತಕ್ಷಣ ಸೋದರತ್ತೆ ಮಗ ಸ್ಟೀಫನ್ ಓಡಿಬಂದು ಕಿರೀಟ ಹಾಕ್ಕೊಂಡ. ತಮಾಷೆ ಏನಂದ್ರೆ ಸ್ಟೀಫನ್‌ಗೆ ಹಕ್ಕು ಬಂದಿದ್ದೂ ಅವನ ತಾಯಿ ಕಡೆಯಿಂದ್ಲೇ, ಅವಳು ವಿಲಿಯಂನ ಮಗಳು. ಹೆಣ್ಣು ರಾಣಿ ಆಗಬಾರ್ದು, ಆದ್ರೆ ಹೆಣ್ಣಿನ ಮಗ ರಾಜ ಆಗಬಹುದು. ಈ ಮಾತು ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಪದೇ ಪದೇ ಬರುತ್ತೆ.

ಪ್ಲಾಂಟಾಜೆನೆಟ್ ಅನ್ನೋದು ಅವರ ಸರ್‌ನೇಮಾ?

ಅಲ್ಲ. ಮಟಿಲ್ಡಾಳ ಗಂಡ, ಆಂಜೂ ಪ್ರಾಂತ್ಯದ ಜೆಫ್ರಿ, ಅವನ ಅಡ್ಡಹೆಸರು. ಹಳದಿ ಹೂ ಬಿಡೋ ಒಂದು ಕುರುಚಲು ಗಿಡದ ಲ್ಯಾಟಿನ್ ಹೆಸರಿಂದ ಬಂದಿದ್ದು. ಮೂರನೇ ಎಡ್ವರ್ಡನ್ನ ಯಾರಾದ್ರೂ ‘ಪ್ಲಾಂಟಾಜೆನೆಟ್ ಅವ್ರೇ’ ಅಂತ ಕರೆದಿದ್ರೆ ಇನ್ಯಾರನ್ನ ಕರೀತಿದ್ದಾರೆ ಅಂತ ಅವನು ಹಿಂದೆ ತಿರುಗಿ ನೋಡ್ತಿದ್ದ. ಇದನ್ನ ಮನೆತನದ ಹೆಸರಾಗಿ ಹಾಕ್ಕೊಂಡಿದ್ದು 15ನೇ ಶತಮಾನದಲ್ಲಿ ಯಾರ್ಕಿನ ಡ್ಯೂಕ್ ರಿಚರ್ಡ್, ಅದೂ ನನ್ನ ರಕ್ತ ನಿಮ್ಮೆಲ್ಲರಿಗಿಂತ ಅಸಲಿ ಅಂತ ತೋರಿಸ್ಕೊಳ್ಳೋಕೆ.

ಇವರು ಇಂಗ್ಲಿಷ್ ಜನಾನೇನಾ?

ರಕ್ತ ನೋಡಿದ್ರೆ ಬಹುಪಾಲು ಫ್ರಾನ್ಸ್ ಕಡೆಯವ್ರು. ಮೂರನೇ ಎಡ್ವರ್ಡನ ಅಮ್ಮ ಫ್ರಾನ್ಸಿನ ರಾಜನ ಮಗಳು, ಅಪ್ಪನ ತಾಯಿ ಸ್ಪೇನಿನ ಕಾಸ್ಟೀಲ್ ಕಡೆಯವಳು, ಅವಳ ಅತ್ತೆ ಪ್ರೊವಾನ್ಸ್ ಕಡೆಯವಳು. ಹಳೇ ಇಂಗ್ಲಿಷ್ ರಾಜರ ರಕ್ತವೂ ಇದೆ, ಅದೂ ಹೆಣ್ಣಿನ ಕಡೆಯಿಂದ: ಒಂದನೇ ಹೆನ್ರಿ ಮದುವೆ ಆಗಿದ್ದು ಸ್ಕಾಟ್ಲೆಂಡ್ ರಾಜಕುಮಾರಿಯನ್ನ, ಅವಳ ತಾಯಿ ಮಾರ್ಗರೆಟ್ ಆಲ್ಫ್ರೆಡ್ ಮಹಾರಾಜನ ವಂಶದವಳು. ಅರಮನೆ ಮಾತು ಫ್ರೆಂಚೇ. ಕೋರ್ಟಲ್ಲಿ ವಾದ ಇಂಗ್ಲಿಷಲ್ಲಿ ಮಾಡಿ, ಜನಕ್ಕೆ ಫ್ರೆಂಚ್ ಅರ್ಥ ಆಗಲ್ಲ ಅಂತ ಕಾನೂನು ಬಂದಿದ್ದು ಇದೇ ಎಡ್ವರ್ಡ್ ಕಾಲದಲ್ಲಿ, 1362ರಲ್ಲಿ.

ಅಪ್ಪನನ್ನ ಸಿಂಹಾಸನದಿಂದ ಇಳಿಸಿದ್ದು ಅಮ್ಮಾನೇ ಅಂತಾರಲ್ಲ, ನಿಜಾನಾ?

ನಿಜ. ಅಮ್ಮ ಇಸಬೆಲ್ಲಾ, ಅವಳ ಪ್ರಿಯಕರ ರೋಜರ್ ಮಾರ್ಟಿಮರ್, ಇಬ್ರೂ ಸಮುದ್ರದಾಚೆಯಿಂದ ಸೈನ್ಯ ಕಟ್ಕೊಂಡು ಬಂದು 1327ರ ಜನವರಿಯಲ್ಲಿ ಎರಡನೇ ಎಡ್ವರ್ಡನ್ನ ಇಳಿಸಿ ಹುಡುಗನಿಗೆ ಪಟ್ಟ ಕಟ್ಟಿದ್ರು. ಅದೇ ವರ್ಷ ಅಪ್ಪ ಬರ್ಕ್ಲಿ ಕೋಟೇಲಿ ಸತ್ತ. ಹೆಸರಿಗೆ ಮಗ ರಾಜ, ದರ್ಬಾರು ಮಾರ್ಟಿಮರ್‌ದು. ಮೂರು ವರ್ಷ ಸಹಿಸ್ಕೊಂಡ ಹುಡುಗ, 1330ರ ಅಕ್ಟೋಬರಲ್ಲಿ ಒಂದು ರಾತ್ರಿ ನಾಟಿಂಗ್‌ಹ್ಯಾಮ್ ಕೋಟೆಯ ಸುರಂಗದಿಂದ ತನ್ನ ಕಡೆಯವ್ರನ್ನ ನುಗ್ಗಿಸಿ ಮಾರ್ಟಿಮರನ್ನ ಹಿಡಿಸಿದ, ಮುಂದಿನ ತಿಂಗಳೇ ಗಲ್ಲು. ಆಗ ಅವನಿಗೆ 18 ತುಂಬಿತ್ತಷ್ಟೇ. ಅಮ್ಮನಿಗೆ ಮಾತ್ರ ಏನೂ ಮಾಡ್ಲಿಲ್ಲ, ಅವಳು 1358ರ ತನಕ ಆರಾಮಾಗೇ ಇದ್ಲು.

ಈ ಮಾರ್ಟಿಮರ್ ಹೆಸರನ್ನ ಕ್ಯಾಲೆಂಡರ್ ಹಾಳೆಯ ಮೂಲೇಲಿ ಬರೆದು ಮುಗೀತು ಅಂದ್ಕೊಂಡಿದ್ದೆ. ಎರಡು ಹಾಳೆ ಕೆಳಗೆ ಹೋದ್ರೆ ಮತ್ತೆ ಬಂದ, ಹೇಳ್ತೀನಿ.

ಇಂಗ್ಲೆಂಡ್ ರಾಜ ಫ್ರಾನ್ಸ್ ನನ್ನದು ಅಂದಿದ್ದು ಯಾವ ಲೆಕ್ಕದಲ್ಲಿ?

ಅಮ್ಮನ ಲೆಕ್ಕದಲ್ಲಿ. ಇಸಬೆಲ್ಲಾಳ ಅಪ್ಪ ಫ್ರಾನ್ಸಿನ ನಾಲ್ಕನೇ ಫಿಲಿಪ್, ಅವಳಿಗೆ ಮೂರು ಜನ ಅಣ್ಣತಮ್ಮಂದಿರು, ಮೂರೂ ಜನ ಒಬ್ಬರಾದ ಮೇಲೆ ಒಬ್ಬರು ರಾಜರಾದ್ರು, ಗಂಡು ಸಂತಾನ ಉಳಿಯದೆ ಸತ್ರು, ಕೊನೆಯವನು ಹೋಗಿದ್ದು 1328ರಲ್ಲಿ. ಈಗ ಯಾರು? ಸತ್ತ ರಾಜನ ಅಕ್ಕತಂಗಿಯ ಮಗ ಎಡ್ವರ್ಡಾ, ಚಿಕ್ಕಪ್ಪನ ಮಗ ವಲ್ವಾ ಮನೆತನದ ಫಿಲಿಪ್ಪಾ? ಫ್ರಾನ್ಸಿನ ದೊರೆಗಳು ಹೆಣ್ಣಿಗೆ ಹಕ್ಕಿಲ್ಲ, ಹೆಣ್ಣಿನ ಮೂಲಕವೂ ಹಕ್ಕು ಇಳಿಯಲ್ಲ ಅಂತ ಫಿಲಿಪ್‌ನನ್ನ ಕೂರಿಸಿದ್ರು. ಎಡ್ವರ್ಡ್ ಮೊದ್ಲು ಬಾಯಿ ಮುಚ್ಕೊಂಡು 1329ರಲ್ಲಿ ಆಮಿಯೆನ್ಸ್‌ಗೆ ಹೋಗಿ ಅವನಿಗೆ ತಲೆಬಾಗಿದ, ಆಮೇಲೆ 1340ರಲ್ಲಿ ಗೆಂಟ್ ಊರಲ್ಲಿ ನಾನೇ ಫ್ರಾನ್ಸಿನ ರಾಜ ಅಂತ ಸಾರಿದ.

ಅವನ ಕಡೆಯವ್ರ ವಾದದಲ್ಲಿ ಒಂದು ತೂತಿತ್ತು. ಹೆಣ್ಣಿನ ಮೂಲಕ ಹಕ್ಕು ಬರುತ್ತೆ ಅಂದ್ರೆ ಆ ಮೂರು ಅಣ್ಣತಮ್ಮಂದಿರಿಗೆ ಹೆಣ್ಣುಮಕ್ಕಳಿದ್ರಲ್ಲ, ಅವರು ಇಸಬೆಲ್ಲಾಗಿಂತ ಮೊದಲು. ಹಿರಿಯಣ್ಣನ ಮಗಳು ನವಾರ್‌ನ ಝಾನ್, ಅವಳಿಗೆ 1332ರಲ್ಲಿ ಗಂಡುಮಗು ಬೇರೆ ಆಯ್ತು. 1328ರಲ್ಲಿ ಆ ಮಗು ಇರ್ಲಿಲ್ಲ, ನಾನಿದ್ದೆ ಅನ್ನೋದೇ ಎಡ್ವರ್ಡ್‌ಗೆ ಉಳಿದ ಆಸರೆ.

ಇನ್ನು ನಮ್ಮ ಲೆಕ್ಕದಲ್ಲಿ ನೋಡಿ. ಎಡ್ವರ್ಡನ ಹೆಂಡ್ತಿ ಹೈನಾಲ್ಟ್‌ನ ಫಿಲಿಪ್ಪಾ, ಅವಳ ಅಮ್ಮ ಇದೇ ವಲ್ವಾ ಫಿಲಿಪ್‌ನ ಒಡಹುಟ್ಟಿದವಳು. ಅಂದ್ರೆ ಅವನು ಹೆಂಡ್ತಿಗೆ ಖುದ್ದು ಸೋದರಮಾವ, ಎಡ್ವರ್ಡ್‌ಗೂ ಅಮ್ಮನ ಚಿಕ್ಕಪ್ಪನ ಮಗ ಆದ್ರಿಂದ ಸೋದರಮಾವನೇ. ಗಂಡಹೆಂಡ್ತಿ ಇಬ್ರಿಗೂ ಒಬ್ಬನೇ ಮಾವ, ಅವನ ಮೇಲೆ ಶುರುವಾದ ಯುದ್ಧ 1337ರಿಂದ 1453ರ ತನಕ ಎಳೀತು. ಇನ್ನೊಂದು ಹೇಳಿದ್ರೆ ನಮ್ಮಜ್ಜಿ ಕಿವಿ ಮುಚ್ಕೋತಿದ್ರು: ಎಡ್ವರ್ಡನ ಅಮ್ಮ, ಫಿಲಿಪ್ಪಾಳ ಅಮ್ಮ ಇಬ್ರೂ ಅಣ್ಣತಮ್ಮಂದಿರ ಮಕ್ಕಳು, ಅಂದ್ರೆ ನಮ್ಮಲ್ಲಿ ಅಕ್ಕತಂಗಿ. ಅವರ ಮಕ್ಕಳು ಅಣ್ಣತಂಗಿ ಆಗ್ತಾರೆ! ಅಲ್ಲಿ ಅದೆಲ್ಲಾ ಪೋಪ್ ಒಪ್ಪಿಗೆ ಕೊಟ್ರೆ ನಡೀತಿತ್ತು.

ಫ್ರಾನ್ಸಿನ ರಾಜ ಅನ್ನೋ ಬಿರುದನ್ನ ಇಂಗ್ಲೆಂಡಿನವ್ರು ಪೂರ್ತಿ ಕೈಬಿಟ್ಟಿದ್ದು 1801ರಲ್ಲಿ. ಅಷ್ಟೊತ್ತಿಗೆ ಫ್ರಾನ್ಸಲ್ಲಿ ರಾಜನೇ ಇರ್ಲಿಲ್ಲ.

ಮಕ್ಕಳು ಒಟ್ಟು ಎಷ್ಟು?

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನ ಸಮಾಧಿ ಇದೆ. ಮೇಲೆ ಉದ್ದ ಗಡ್ಡದ ಕಂಚಿನ ರಾಜ ಮಲಗಿದ್ದಾನೆ, ಪಕ್ಕದ ಗೋಡೆಗೆ ಪುಟ್ಟ ಪುಟ್ಟ ಕಂಚಿನ ಗೊಂಬೆಗಳು, ಒಂದೊಂದು ಗೂಡಲ್ಲಿ ಒಂದೊಂದು ಮಗು. ಹನ್ನೆರಡು ಇತ್ತು, ಈಗ ಉಳಿದಿರೋದು ಒಂದು ಬದಿಯ ಆರು. ಕೂಸಾಗಿದ್ದಾಗಲೇ ಹೋದ ಹ್ಯಾಟ್‌ಫೀಲ್ಡಿನ ವಿಲಿಯಂಗೂ ಅಲ್ಲಿ ಜಾಗ ಇದೆ. ರಾಜನ ಶವಯಾತ್ರೆಗೆ ಮಾಡಿದ ಮರದ ಬೊಂಬೆನೂ ಉಳಿದಿದೆ, ಅದರ ಬಾಯಿ ಒಂದು ಕಡೆ ಸೊಟ್ಟಗಿದೆ, ಕೊನೇಲಿ ಲಕ್ವಾ ಹೊಡೆದಿದ್ದ ಮುಖವನ್ನ ಹಾಗೇ ಅಚ್ಚು ತೆಗೆದಿದ್ದು ಅಂತಾರೆ. ಫೋಟೋದಲ್ಲಿ ನೋಡಿದ್ರೂ ಒಂಥರಾ ಆಗುತ್ತೆ, ರಾಜ ಅನ್ಸಲ್ಲ, ಪಕ್ಕದ್ಮನೆ ತಾತ ಅನ್ಸುತ್ತೆ.

ದೊಡ್ಡವರಾಗಿ ಬೆಳೆದ ಗಂಡುಮಕ್ಕಳು ಐದು: ಎಡ್ವರ್ಡ್, ಲಯನೆಲ್, ಜಾನ್, ಎಡ್ಮಂಡ್, ಥಾಮಸ್. ಹೆಣ್ಣುಮಕ್ಕಳಲ್ಲಿ ಹಿರಿಯವಳು ಇಸಬೆಲ್ಲಾ ಅಪ್ಪನ ಮುದ್ದು, 33 ದಾಟಿದ ಮೇಲೆ ತನಗೆ ಇಷ್ಟ ಬಂದ ಫ್ರೆಂಚ್ ದೊರೆಯನ್ನ ಮದುವೆ ಆದ್ಲು. ಎರಡನೆಯವಳು ಜೋನ್ ಕತೆ ಕರುಳು ಹಿಂಡುತ್ತೆ, 1348ರಲ್ಲಿ ಕಾಸ್ಟೀಲ್ ರಾಜಕುಮಾರನ ಜೊತೆ ಮದುವೆ ಗೊತ್ತಾಗಿ ದಿಬ್ಬಣ ಹೊರಟಿತ್ತು, ದಾರಿಯಲ್ಲಿ ಬೋರ್ಡೋ ಊರಲ್ಲಿ ಪ್ಲೇಗು, ಹುಡುಗಿಗೆ ಹದಿನೈದರ ಆಸುಪಾಸು, ಅಲ್ಲೇ ಹೋದ್ಲು. ಮೇರಿ, ಮಾರ್ಗರೆಟ್ ಇಬ್ರೂ 1361ರ ಆಸುಪಾಸಲ್ಲಿ ತೀರಿಕೊಂಡ್ರು.

ಗಾಂಟ್, ಲ್ಯಾಂಗ್ಲಿ, ವುಡ್‌ಸ್ಟಾಕ್, ಇವೆಲ್ಲಾ ಏನು?

ಹುಟ್ಟಿದ ಊರು. ನಮ್ಮಲ್ಲಿ ಹೆಸರಿನ ಹಿಂದೆ ಊರಿನ ಇನಿಷಿಯಲ್ ಇಡ್ತೀವಲ್ಲ ಹಾಗೆ. ಗಾಂಟ್ ಅಂದ್ರೆ ಗೆಂಟ್, ಈಗಿನ ಬೆಲ್ಜಿಯಂನಲ್ಲಿದೆ. ಲಯನೆಲ್ ಹುಟ್ಟಿದ್ದು ಆಂಟ್‌ವರ್ಪಲ್ಲಿ. ಅಪ್ಪ ಅಲ್ಲೆಲ್ಲಾ ಯುದ್ಧಕ್ಕೆ ದೋಸ್ತಿ ಹುಡುಕ್ತಾ ಅಲೀತಿದ್ದ, ಬಸುರಿ ಹೆಂಡ್ತಿನೂ ಜೊತೇಲೇ ಇದ್ಲು.

ಬ್ಲ್ಯಾಕ್ ಪ್ರಿನ್ಸ್ ಯಾಕೆ ರಾಜ ಆಗ್ಲಿಲ್ಲ?

ಬ್ಲ್ಯಾಕ್ ಪ್ರಿನ್ಸ್ ಅಂದ್ರೆ ಹಿರಿಮಗ ಎಡ್ವರ್ಡ್. ಅಪ್ಪನಿಗಿಂತ ಒಂದು ವರ್ಷ ಮುಂಚೆ ಸತ್ತ, 1376ರ ಜೂನಲ್ಲಿ, ವರ್ಷಗಟ್ಟಲೆ ಕಾಯಿಲೆ ಬಿದ್ದು. ಬದುಕಿದ್ದಾಗ ಯಾರೂ ಅವನನ್ನ ಬ್ಲ್ಯಾಕ್ ಪ್ರಿನ್ಸ್ ಅಂತ ಕರೀಲಿಲ್ಲ, ಆ ಹೆಸರು ಬಂದಿದ್ದು ಸುಮಾರು ಇನ್ನೂರು ವರ್ಷ ಆದ್ಮೇಲೆ. ಅವನ ಹೆಂಡ್ತಿ ಕೆಂಟ್‌ನ ಜೋನ್, ಎರಡನೇ ಎಡ್ವರ್ಡನ ಮಲತಮ್ಮನ ಮಗಳು, ಅಂದ್ರೆ ನಮ್ಮ ಲೆಕ್ಕದಲ್ಲಿ ಹುಡುಗನಿಗೆ ಅತ್ತೆ ಆಗ್ಬೇಕು. ಬಿಡಿ, ಪೋಪ್ ಇದ್ದಾನಲ್ಲ. ಅವರ ಮಗ ರಿಚರ್ಡ್ ಹತ್ತು ವರ್ಷದ ಹುಡುಗ, 1377ರಲ್ಲಿ ತಾತನ ಸಿಂಹಾಸನ ಹತ್ತಿದ. ಇವನೇ ಎರಡನೇ ರಿಚರ್ಡ್. ಎರಡು ಮದುವೆ, ಮಕ್ಕಳಿಲ್ಲ.

ಹಾಗಾದ್ರೆ ಮುಂದಿನ ಹಕ್ಕು ಲಯನೆಲ್ ಮನೆಗೆ ಹೋಗ್ಬೇಕಿತ್ತಲ್ವಾ?

ಕೇಸಿನ ಬುಡ ಇದೇ. ಗಮನ ಇಟ್ಟು ಓದಿ.

ಲಯನೆಲ್‌ಗೆ ಒಬ್ಬಳೇ ಮಗಳು, ಹೆಸರು ಫಿಲಿಪ್ಪಾ (ಅಜ್ಜಿ ಹೆಸರೇ). ಅವಳನ್ನ ಕೊಟ್ಟಿದ್ದು ಯಾರಿಗೆ ಅಂದ್ರೆ ಎಡ್ಮಂಡ್ ಮಾರ್ಟಿಮರ್‌ಗೆ. ಎಡ್ವರ್ಡ್ 1330ರಲ್ಲಿ ಗಲ್ಲಿಗೆ ಹಾಕಿಸಿದ್ನಲ್ಲ ಆ ರೋಜರ್ ಮಾರ್ಟಿಮರ್, ಅವನ ಮರಿಮಗ! ಅಮ್ಮನ ಪ್ರಿಯಕರನ ವಂಶ ತಿರುಗಾಡಿ ಬಂದು ಸಿಂಹಾಸನದ ಸಾಲಲ್ಲೇ ನಿಂತ್ಕೊಂಡಿತು. ಅವರ ಮಗ ಇನ್ನೊಬ್ಬ ರೋಜರ್, 1398ರಲ್ಲಿ ಐರ್ಲೆಂಡಲ್ಲಿ ಸತ್ತ, ಅವನ ಮಗ ಇನ್ನೊಬ್ಬ ಎಡ್ಮಂಡ್, 1399ರಲ್ಲಿ ಏಳು ವರ್ಷದ ಕೂಸು.

ಆ ವರ್ಷ ಏನಾಯ್ತು? ಮೂರನೇ ಮಗ ಗಾಂಟ್‌ನ ಜಾನ್ ಸತ್ತ, ಎರಡನೇ ರಿಚರ್ಡ್ ಅವನ ಆಸ್ತಿ ಮುಟ್ಟುಗೋಲು ಹಾಕ್ಕೊಂಡ, ಗಡಿಪಾರಾಗಿದ್ದ ಜಾನ್‌ನ ಮಗ ಹೆನ್ರಿ ಹಡಗು ಹತ್ತಿ ಬಂದ, ಮೊದ್ಲು ಅಪ್ಪನ ಆಸ್ತಿ ಕೊಡಿ ಸಾಕು ಅಂದ, ಜನ ಸೇರ್ತಿದ್ದಂಗೇ ಸಿಂಹಾಸನವನ್ನೇ ತಗೊಂಡ. ನಾಲ್ಕನೇ ಹೆನ್ರಿ ಆದ. ಏಳು ವರ್ಷದ ಮಾರ್ಟಿಮರ್ ಹುಡುಗನ ಹಕ್ಕು ಅಜ್ಜಿ ಕಡೆಯಿಂದ ಬಂದಿದ್ದು, ಅದು ಲೆಕ್ಕಕ್ಕಿಲ್ಲ ಅಂತ ಪಕ್ಕಕ್ಕೆ ಸರಿಸಿದ್ರು.

ಇಲ್ಲಿ ಒಂದು ಕಾಗದದ ವಿಷ್ಯ ಹೇಳ್ಬೇಕು. ಮುದಿ ಎಡ್ವರ್ಡ್ ಸಾಯೋ ಮುಂಚೆ ಪಟ್ಟ ಗಂಡು ಸಂತಾನಕ್ಕೇ ಹೋಗ್ಬೇಕು ಅಂತ ಬರೆಸಿದ ಪತ್ರ ಒಂದು ಬೆಂಕಿಗೆ ಸಿಕ್ಕಿ ಅರ್ಧಂಬರ್ಧ ಆಗಿರೋ ಸ್ಥಿತೀಲಿ ಉಳಿದಿದೆ. ಅಂದ್ರೆ ರಿಚರ್ಡ್‌ಗೆ ಮಕ್ಕಳಾಗದಿದ್ರೆ ಲಯನೆಲ್ ಮಗಳ ಕಡೆ ಬಿಟ್ಟು ಸೀದಾ ಗಾಂಟ್ ಮನೆಗೆ. ಅಮ್ಮನ ಕಡೆಯಿಂದ ಫ್ರಾನ್ಸ್ ನನ್ನದು ಅಂತ ಜೀವನಪೂರ್ತಿ ಬಡಿದಾಡಿದ ಮನುಷ್ಯ, ತನ್ನ ಮನೆ ವಿಷ್ಯಕ್ಕೆ ಬಂದಾಗ ಹೆಣ್ಣಿನ ಕಡೆ ಬೇಡ ಅಂದ! ನನ್ನ ಮಟ್ಟಿಗೆ ಇಡೀ ವಂಶದ ಕತೇಲಿ ಇದಕ್ಕಿಂತ ಮಜವಾದ ಜಾಗ ಇನ್ನೊಂದಿಲ್ಲ.

ನಾಲ್ಕನೇ ಹೆನ್ರಿ ಏನು ಕಮ್ಮಿ? 1399ರಲ್ಲಿ ಅವನು ಹೇಳ್ಕೊಂಡಿದ್ದು ತಾನು ಮೂರನೇ ಹೆನ್ರಿಯಿಂದ ನೇರ ರಕ್ತದವನು ಅಂತ. ಅವನ ಅಮ್ಮ ಲ್ಯಾಂಕಾಸ್ಟರ್ ಮನೆತನದ ಬ್ಲಾಂಚ್, ಅವಳು ಒಂದನೇ ಎಡ್ವರ್ಡನ ತಮ್ಮನ ವಂಶ, ಆ ತಮ್ಮನೇ ಅಸಲಿಗೆ ಅಣ್ಣ ಅಂತ ಒಂದು ಕಟ್ಟುಕತೆ ಬೇರೆ ಹಬ್ಬಿಸಿದ್ರು. ಅಂದ್ರೆ ಅಲ್ಲೂ ಅಮ್ಮನೇ ಬೇಕಾಯ್ತು. 1406ರಲ್ಲಿ ಪಟ್ಟ ಗಂಡುಮಕ್ಕಳಿಗೆ ಮಾತ್ರ ಅಂತ ಕಾನೂನು ಮಾಡಿ ಅದೇ ವರ್ಷ ಡಿಸೆಂಬರಲ್ಲಿ ವಾಪಸ್ ತಗೊಂಡ.

ಗಾಂಟ್‌ನ ಜಾನ್‌ಗೆ ಮೂರು ಹೆಂಡ್ತಿಯರಾ?

ಒಬ್ಬರಾದ ಮೇಲೆ ಒಬ್ಬರು, ಆದ್ರೆ ಮೂರನೆಯವಳು ಮದುವೆಗೆ ಎಷ್ಟೋ ವರ್ಷ ಮುಂಚಿಂದ್ಲೇ ಜೊತೇಲಿದ್ಲು. ಮೊದಲನೆಯವಳು ಬ್ಲಾಂಚ್, ಇವಳಿಂದ ನಾಲ್ಕನೇ ಹೆನ್ರಿ ಮತ್ತೆ ಪೋರ್ಚುಗಲ್ ರಾಣಿ ಫಿಲಿಪ್ಪಾ. ಎರಡನೆಯವಳು ಕಾಸ್ಟೀಲಿನ ಕಾನ್‌ಸ್ಟೆನ್ಸ್, ಇವಳ ಮಗಳು ಕಾಸ್ಟೀಲ್ ರಾಣಿ ಆದ್ಲು, ಆ ಸಾಲಲ್ಲೇ ಮುಂದೆ ಕೊಲಂಬಸ್‌ನ ಕಳಿಸಿದ ರಾಣಿ ಇಸಬೆಲ್ಲಾ ಬರ್ತಾಳೆ, ಅವಳ ಮಗಳೇ ಎಂಟನೇ ಹೆನ್ರಿಯ ಮೊದಲ ಹೆಂಡ್ತಿ ಕ್ಯಾಥರೀನ್.

ಮೂರನೆಯವಳು ಕ್ಯಾಥರೀನ್ ಸ್ವಿನ್‌ಫೋರ್ಡ್, ಬ್ಲಾಂಚ್‌ಳ ಮಕ್ಕಳನ್ನ ನೋಡ್ಕೊಳ್ಳೋಕೆ ಬಂದಿದ್ದವಳು. ನಾಲ್ಕು ಮಕ್ಕಳಾದ್ರು, ಅವರಿಗೆ ಬ್ಯೂಫೋರ್ಟ್ ಅಂತ ಹೆಸರು. 1396ರಲ್ಲಿ ಮದುವೆ, ಆಮೇಲೆ ಪೋಪ್ ಕಡೆಯಿಂದಲೂ ಪಾರ್ಲಿಮೆಂಟ್ ಕಡೆಯಿಂದಲೂ ಮಕ್ಕಳನ್ನ ಸಕ್ರಮ ಮಾಡಿಸಿದ್ರು. 1407ರಲ್ಲಿ ಮಲಣ್ಣ ನಾಲ್ಕನೇ ಹೆನ್ರಿ ಆ ಪತ್ರಕ್ಕೆ ಒಂದು ಬಾಲ ಸೇರಿಸಿದ: ಎಲ್ಲಾ ಸರಿ, ಸಿಂಹಾಸನ ಮಾತ್ರ ಇಲ್ಲ. ಸಕ್ರಮದಲ್ಲೂ ಒಂದು ಷರಾ.

ಯಾರ್ಕ್ ಕಡೆಯವ್ರದ್ದು ಸರಿನಾ, ಲ್ಯಾಂಕಾಸ್ಟರ್ ಕಡೆಯವ್ರದ್ದು ಸರಿನಾ?

ಗೋಡೆ ಮೇಲಿನ ಹಾಳೆ ಪ್ರಕಾರ ಹೇಳೋದಾದ್ರೆ, ಕೆಂಪು ಗೆರೆ ಒಪ್ಪಿದ್ರೆ ಯಾರ್ಕ್, ನೀಲಿ ಮಾತ್ರ ಅಂದ್ರೆ ಲ್ಯಾಂಕಾಸ್ಟರ್. ಲ್ಯಾಂಕಾಸ್ಟರ್ ಮನೆ ಗಾಂಟ್‌ದು, ಯಾರ್ಕ್ ಮನೆ ನಾಲ್ಕನೇ ಮಗ ಎಡ್ಮಂಡ್‌ದು, ಗಂಡು ಸಾಲಲ್ಲಿ ಮೂರನೇ ಮಗ ಗಾಂಟ್‌ಗಿಂತ ಹಿಂದೆ. ಆದ್ರೆ ಎಡ್ಮಂಡನ ಮಗ ರಿಚರ್ಡ್ ಮದುವೆ ಆಗಿದ್ದು ಆ್ಯನ್ ಮಾರ್ಟಿಮರ್‌ನ, ಅಂದ್ರೆ ಮೇಲೆ ಹೇಳಿದ ಏಳು ವರ್ಷದ ಹುಡುಗನ ಅಕ್ಕ. ಆ ಹುಡುಗ ಮುಂದೆ 1425ರಲ್ಲಿ ಮಕ್ಕಳಿಲ್ಲದೆ ಸತ್ತ, ಎರಡನೇ ಮಗ ಲಯನೆಲ್‌ನ ಹಕ್ಕೆಲ್ಲಾ ಆ್ಯನ್ ಮಗನಿಗೆ ಬಂತು, ಅವನೇ ಯಾರ್ಕಿನ ಡ್ಯೂಕ್ ರಿಚರ್ಡ್. ಎರಡು ಹೆಣ್ಣು ದಾಟಿ ಬಂದ ಹಕ್ಕು, ಆದ್ರೆ ಹಿರಿಯ ಸಾಲಿನದ್ದು.

ಹಕ್ಕಿದೆ ಅಂತ ತಕ್ಷಣ ಯಾರೂ ಯುದ್ಧ ಮಾಡಲ್ಲ. ನಾಲ್ಕನೇ ಹೆನ್ರಿ, ಅವನ ಮಗ ಐದನೇ ಹೆನ್ರಿ ಗಟ್ಟಿ ಇದ್ರು, ಕೆದಕಿದವ್ರಿಗೆ ಏನೂ ದಕ್ಕಲಿಲ್ಲ. ಮೊಮ್ಮಗ ಆರನೇ ಹೆನ್ರಿಗೆ ಬುದ್ಧಿ ಸ್ಥಿಮಿತ ತಪ್ಪಿತು, ಫ್ರಾನ್ಸ್ ಕೈಬಿಟ್ಟು ಹೋಯ್ತು, ಆಗ ಹಳೇ ಕಾಗದ ಪತ್ರ ಎಲ್ಲಾ ಪೆಟ್ಟಿಗೆಯಿಂದ ಆಚೆ ಬಂತು. 1460ರ ಅಕ್ಟೋಬರಲ್ಲಿ ಯಾರ್ಕ್ ಪಾರ್ಲಿಮೆಂಟಿಗೆ ಬಂದು ವಂಶಾವಳಿ ಮುಂದಿಟ್ಟ, ಅವರು ಹೆನ್ರಿ ಸಾಯೋ ತನಕ ಅವನೇ ರಾಜ, ಆಮೇಲೆ ನೀನು ಅಂತ ರಾಜಿ ಮಾಡಿದ್ರು. ಎರಡು ತಿಂಗಳಲ್ಲಿ ವೇಕ್‌ಫೀಲ್ಡ್ ಕಾಳಗದಲ್ಲಿ ಯಾರ್ಕ್ ಸತ್ತ, ತಲೆ ಕಡಿದು ಕಾಗದದ ಕಿರೀಟ ಇಟ್ಟು ಯಾರ್ಕ್ ಊರ ಬಾಗಿಲ ಮೇಲೇ ನಿಲ್ಲಿಸಿದ್ರು. ಮೂರೇ ತಿಂಗಳಿಗೆ, 1461ರ ಮಾರ್ಚಲ್ಲಿ, ಅವನ ಮಗ ಟೌಟನ್‌ನಲ್ಲಿ ಗೆದ್ದು ನಾಲ್ಕನೇ ಎಡ್ವರ್ಡ್ ಆಗಿ ಗಟ್ಟಿಯಾಗಿ ಕೂತ.

ಅಂದಹಾಗೆ ಈ ನಾಲ್ಕನೇ ಎಡ್ವರ್ಡನ ಅಮ್ಮ ಸಿಸಿಲಿ ನೆವಿಲ್ ಗಾಂಟ್‌ನ ಮರಿಮೊಮ್ಮಗಳ ಸಾಲಿನವಳೇನೂ ಅಲ್ಲ, ಖುದ್ದು ಮಗಳ ಮಗಳು, ಬ್ಯೂಫೋರ್ಟ್ ಜೋನ್‌ಳ ಮಗಳು. ಎದುರು ಪಾರ್ಟಿಯ ರಕ್ತ ಯಾರ್ಕ್ ಮನೆ ಒಳಗೇ ಇತ್ತು.

ಟ್ಯೂಡರ್ ಹೆನ್ರಿ ಎಲ್ಲಿಂದ ಬಂದ?

ಆ ಷರಾ ಬಿದ್ದ ಬ್ಯೂಫೋರ್ಟ್ ಮನೆಯಿಂದ, ಅದೂ ಹೆಣ್ಣಿನ ಕಡೆಯಿಂದ. ಅಮ್ಮ ಮಾರ್ಗರೆಟ್ ಬ್ಯೂಫೋರ್ಟ್, 1457ರ ಜನವರಿಯಲ್ಲಿ ಇವನನ್ನ ಹೆತ್ತಾಗ ಅವಳಿಗೆ 13 ವರ್ಷ, ಗಂಡ ಎಡ್ಮಂಡ್ ಟ್ಯೂಡರ್ ಆಗಲೇ ಸತ್ತಿದ್ದ. ಆಮೇಲೂ ಎರಡು ಮದುವೆ ಆದ್ಲು, ಮತ್ತೆ ಮಕ್ಕಳಾಗ್ಲಿಲ್ಲ, ಇದ್ದೊಬ್ಬ ಮಗನಿಗೋಸ್ಕರ 28 ವರ್ಷ ಕಾದು 1485ರಲ್ಲಿ ಬಾಸ್ವರ್ತ್ ಕಾಳಗ ಗೆಲ್ಲೋದನ್ನ ನೋಡಿದ್ಲು. ಅವನು ಏಳನೇ ಹೆನ್ರಿ. ಲ್ಯಾಂಕಾಸ್ಟರ್ ಕಡೆ ಇವನಷ್ಟು ದೂರದವನೇ ಗತಿ ಆಗಿದ್ದು ಯಾಕಂದ್ರೆ 1471ರಲ್ಲಿ ಆರನೇ ಹೆನ್ರಿ, ಅವನ ಒಬ್ಬನೇ ಮಗ ಇಬ್ರೂ ಒಂದೇ ತಿಂಗಳಲ್ಲಿ ಹೋಗಿದ್ರು. ಇವನು ಮದುವೆ ಆಗಿದ್ದು ನಾಲ್ಕನೇ ಎಡ್ವರ್ಡನ ಮಗಳು ಎಲಿಜಬೆತ್‌ನ, ಎರಡೂ ಮನೆ ಸೇರಿತು, ಎರಡೂ ಕೆಂಪು ಗೆರೆ.

ಕಾರ್ ಪಾರ್ಕಿಂಗಲ್ಲಿ ಸಿಕ್ಕ ರಾಜ ಇದೇ ವಂಶದವನಾ?

ಹೌದು, ಮೂರನೇ ರಿಚರ್ಡ್, ನಾಲ್ಕನೇ ಎಡ್ವರ್ಡನ ತಮ್ಮ. ಬಾಸ್ವರ್ತಲ್ಲಿ ಸತ್ತವನನ್ನ ಲೆಸ್ಟರ್ ಊರಿನ ಸನ್ಯಾಸಿಗಳ ಮಠದಲ್ಲಿ ಹೂತಿದ್ರು, ಮಠ ಹೋಯ್ತು, ಮೇಲೆ ಪಾರ್ಕಿಂಗ್ ಬಂತು, 2012ರಲ್ಲಿ ಅಗೆದ್ರೆ ಬೆನ್ನುಮೂಳೆ ಹಾವಿನ ಥರ ಬಳುಕಿದ ಅಸ್ಥಿಪಂಜರ. ಇವನೇ ಅಂತ ಗಟ್ಟಿ ಮಾಡಿದ್ದು ಹೆಣ್ಣು ಸಾಲು: ಅಮ್ಮನಿಂದ ಮಕ್ಕಳಿಗೆ ಮಾತ್ರ ಹೋಗೋ ಒಂದು ಬಗೆ ಡಿಎನ್‌ಎ ಇದೆ, ರಿಚರ್ಡನ ಅಕ್ಕ ಆ್ಯನ್, ಅವಳ ಮಗಳು, ಮಗಳ ಮಗಳು ಅಂತ ಇಳಿದು ಈಗ ಬದುಕಿರೋ ಇಬ್ಬರಿಗೆ ಅದು ತಾಳೆ ಆಯ್ತು.

ಗಂಡು ಸಾಲನ್ನೂ ಪರೀಕ್ಷೆ ಮಾಡಿದ್ರು. ಗಾಂಟ್ ಕಡೆಯಿಂದ ಗಂಡಿನಿಂದ ಗಂಡಿಗೆ ಇಳಿದ ಐದು ಜನರ ವೈ ಕ್ರೋಮೋಸೋಮ್ ತಗೊಂಡ್ರು, ಒಬ್ಬರದ್ದೂ ರಿಚರ್ಡ್ ಜೊತೆ ಹೊಂದಲಿಲ್ಲ. 2014ರಲ್ಲಿ ಇದು ಪ್ರಕಟ ಆಯ್ತು. ಮಧ್ಯೆ 19 ಕೊಂಡಿ, ಎಲ್ಲೋ ಒಂದು ಕಡೆ ಅಪ್ಪ ಅಂತ ಬರೆದಿರೋದು ಅಪ್ಪ ಅಲ್ಲ. ಎಲ್ಲಿ ಅಂತ ಈ ಪರೀಕ್ಷೆ ಹೇಳಲ್ಲ. ಗಾಂಟ್ ಬದುಕಿದ್ದಾಗಲೇ ಇವನು ರಾಣಿ ಮಗ ಅಲ್ಲ, ಗೆಂಟ್ ಊರಿನ ಕಸಾಯಿ ಮಗ ಅಂತ ಜನ ಆಡ್ಕೊಂಡಿದ್ರು, ಅದನ್ನ ಈಗ ಎಲ್ರೂ ಮತ್ತೆ ಎತ್ತಿದ್ರು, ಆದ್ರೆ ತಪ್ಪಿರೋದು ಆ ಕೊಂಡಿನೇ ಅನ್ನೋಕೆ ಆಧಾರ ಏನಿಲ್ಲ. ಯಾರ್ಕ್ ಕಡೆ ಡ್ಯೂಕ್ ರಿಚರ್ಡ್ ತನಕದ ಕೊಂಡಿ ತಪ್ಪಿದ್ರೂ ಅವರ ಹಕ್ಕಿಗೆ ಪೆಟ್ಟಿಲ್ಲ ನೋಡಿ, ಅವರದ್ದು ಬಂದಿದ್ದು ಆ್ಯನ್ ಮಾರ್ಟಿಮರ್ ಕಡೆಯಿಂದ. ಅಮ್ಮ ಯಾರು ಅನ್ನೋದಕ್ಕೆ ಎಲ್ರೂ ಸಾಕ್ಷಿ.

ಈ ವಂಶಕ್ಕೂ ನಮ್ಮ ಕಡೆಗೂ ಏನಾದ್ರೂ ಸಂಬಂಧ ಇದೆಯಾ?

ಇದೆ, ಪೋರ್ಚುಗಲ್ ಸುತ್ತಿ ಬರ್ಬೇಕು. ಗಾಂಟ್‌ನ ಮಗಳು ಫಿಲಿಪ್ಪಾ 1387ರಲ್ಲಿ ಪೋರ್ಚುಗಲ್ ರಾಜನನ್ನ ಮದುವೆ ಆದ್ಲು. ಒಬ್ಬ ಮಗನ ಹೆಸರು ದುವಾರ್ತೆ, ಎಡ್ವರ್ಡ್ ಅನ್ನೋದರ ಪೋರ್ಚುಗೀಸ್ ರೂಪ, ಇನ್ನೊಬ್ಬ ಮಗ ಸಮುದ್ರಯಾನಕ್ಕೆ ದುಡ್ಡು ಸುರಿದ ಹೆನ್ರಿ. ದುವಾರ್ತೆಯ ಮೊಮ್ಮಗ ರಾಜ ಮ್ಯಾನುಯೆಲ್, ವಾಸ್ಕೋ ಡ ಗಾಮನ್ನ ಕಳಿಸಿದವನು. ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದು ವಾಪಸ್ ಹೋಗುವಾಗ ಹಡಗು ರಿಪೇರಿಗೆ ನಿಂತಿದ್ದು ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ. 1510ರಲ್ಲಿ ಗೋವಾ ಹಿಡಿಯೋಕೆ ಅಲ್ಬುಕರ್ಕ್‌ಗೆ ದಾರಿ ತೋರಿಸಿದ್ದು ಹೊನ್ನಾವರ ಕಡೆಯ ತಿಮ್ಮಯ್ಯ, ಆಗಲೂ ಪೋರ್ಚುಗಲ್ ರಾಜ ಇದೇ ಮ್ಯಾನುಯೆಲ್. ಮೂರನೇ ಎಡ್ವರ್ಡ್‌ಗೂ ಅವನಿಗೂ ಮಧ್ಯೆ ನಾಲ್ಕೇ ತಲೆ.

ನನ್ನ ಇಂಗ್ಲಿಷ್ ಕಲೀಗು ತಾನೂ ಎಡ್ವರ್ಡ್ ವಂಶ ಅಂತಾನೆ, ಬೊಗಳೆನಾ?

ಬೊಗಳೆ ಅಲ್ಲ, ಹೆಚ್ಚುಗಾರಿಕೆನೂ ಅಲ್ಲ. 700 ವರ್ಷ ಅಂದ್ರೆ ಸುಮಾರು 24 ತಲೆಮಾರು. ಅಪ್ಪಅಮ್ಮ ಇಬ್ರು, ತಾತಅಜ್ಜಿ ನಾಲ್ಕು ಅಂತ ಡಬಲ್ ಮಾಡ್ತಾ ಹೋದ್ರೆ 24ನೇ ಮೆಟ್ಟಿಲಲ್ಲಿ 1 ಕೋಟಿ 67 ಲಕ್ಷ ಆಗುತ್ತೆ, ಆಗಿನ ಇಂಗ್ಲೆಂಡಲ್ಲಿ ಅಷ್ಟು ಜನಾನೇ ಇರ್ಲಿಲ್ಲ. ಒಬ್ಬೊಬ್ಬರೇ ನೂರಾರು ದಾರಿಯಿಂದ ಪೂರ್ವಜರಾಗಿರ್ತಾರೆ. ಬ್ರಿಟಿಷ್ ಮೂಲದವ್ರಲ್ಲಿ ಹೆಚ್ಚುಕಮ್ಮಿ ಎಲ್ರೂ ಅವನ ವಂಶಸ್ಥರೇ ಅಂತ ಲೆಕ್ಕ ಬಲ್ಲವ್ರು ಹೇಳ್ತಾರೆ. ಕಾಗದದಲ್ಲಿ ತೋರಿಸೋದು ಮಾತ್ರ ಕಷ್ಟ.

ಈಗಿನ ರಾಜ ಚಾರ್ಲ್ಸ್?

ಅವನೂ ಇದೇ ಮರದ ಕೊಂಬೆ. ಏಳನೇ ಹೆನ್ರಿಯ ಮಗಳು ಮಾರ್ಗರೆಟ್ ಸ್ಕಾಟ್ಲೆಂಡಿಗೆ ಹೋದ್ಲು, ಅವಳ ಮೊಮ್ಮಗಳು ರಾಣಿ ಮೇರಿ, ಮೇರಿ ಮಗ ಜೇಮ್ಸ್ 1603ರಲ್ಲಿ ಇಂಗ್ಲೆಂಡಿಗೂ ರಾಜ, ಅವನ ಮಗಳು ಎಲಿಜಬೆತ್, ಅವಳ ಮಗಳು ಜರ್ಮನಿಯ ಸೋಫಿಯಾ, ಸೋಫಿಯಾ ಮಗ 1714ರಲ್ಲಿ ಒಂದನೇ ಜಾರ್ಜ್. ಆಮೇಲೆ ವಿಕ್ಟೋರಿಯಾ, ಆಮೇಲೆ ಎರಡನೇ ಎಲಿಜಬೆತ್. ಈ ಭಾಗ ಬರೆಯುವಾಗ ನನ್ನ ಕೆಂಪು ಪೆನ್ನು ಖಾಲಿ ಆಗಿ ಇನ್ನೊಂದು ತರಬೇಕಾಯ್ತು.

ಈಗಲೂ ಗಂಡುಮಕ್ಕಳಿಗೇ ಮೊದಲ ಹಕ್ಕಾ?

ಇಲ್ಲ, ಕಾನೂನು ಬದಲಾಯಿತು. 2011ರ ಅಕ್ಟೋಬರ್ 28ರ ನಂತರ ಹುಟ್ಟಿದವ್ರಲ್ಲಿ ಅಕ್ಕ ಇದ್ರೆ ಅಕ್ಕನೇ ಮೊದ್ಲು, ತಮ್ಮ ಹುಟ್ಟಿ ಅವಳನ್ನ ಹಿಂದೆ ತಳ್ಳೋ ಹಾಗಿಲ್ಲ. ಅದು ಜಾರಿಗೆ ಬಂದಿದ್ದು 2015ರ ಮಾರ್ಚ್ 26ಕ್ಕೆ. ಲೆಸ್ಟರ್ ಕೆಥೆಡ್ರಲ್‌ನಲ್ಲಿ ಮೂರನೇ ರಿಚರ್ಡನ ಮೂಳೆಗಳನ್ನ ಎರಡನೇ ಸಲ ಮಣ್ಣು ಮಾಡಿದ್ದೂ ಅದೇ ದಿನ.